ಮಗಳಿಗೊಂದು ಪತ್ರ: ಮುಚ್ಚದ ಕಣ್ಣು

ಸಾಗರ
ಭಾನುವಾರ ರಾತ್ರಿ

ಪುಟ್ಟೀ,

ನೀನು ಫೋನ್ ಇಟ್ಟ ಮೇಲೆ ಎರಡು ರವಿಕೆ ಹೊಲಿದೆ. ಒಂದರ ತೋಳು ಉಲ್ಟಾ ಕೂತಿತ್ತು, ಮತ್ತೆ ಬಿಚ್ಚಿದೆ. ತಲೆ ಎಲ್ಲಿತ್ತು ಅಂತ ನಿನಗೆ ಹೇಳಬೇಕಾಗಿಲ್ಲ. "ಅಮ್ಮಾ, ಟಿವಿ ಧಾರಾವಾಹಿ ಮಾಡೋದು ಡೈರೆಕ್ಷನ್ ಅಲ್ಲ, ಟ್ರಾಫಿಕ್ ಪೊಲೀಸ್ ಕೆಲಸ. ಕಥೆ ಯಾರದ್ದೋ, ಪಾತ್ರ ಯಾರದ್ದೋ, ನಾನು ಮಧ್ಯೆ ನಿಂತು ಕೈ ಬೀಸೋದು ಅಷ್ಟೇ. ನನ್ನ ಹೆಸರು ಬರೋ ಹೊತ್ತಿಗೆ ಜಾಹೀರಾತು ಶುರುವಾಗಿರುತ್ತೆ" ಅಂದೆಯಲ್ಲ. ಫೋನಿನಲ್ಲಿ ನನಗೆ ತಕ್ಷಣ ಮಾತು ಹೊಳೆಯೋದಿಲ್ಲ. ಅದಕ್ಕೇ ಬರೀತಿದ್ದೇನೆ.

ದೀಪಾವಳಿಗೆ ಬಂದಾಗ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಿಟ್ಟುಹೋಗಿದ್ದೆ, ನೆನಪಿದೆಯಾ? ನಿನ್ನ ಹಳೇ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಅರ್ಧ ಅರ್ಥ ಆಯ್ತು, ಅರ್ಧ ಊಹೆ. ಅದರಲ್ಲಿ ಐಡಾ ಲುಪಿನೋ ಅಂತ ಹಾಲಿವುಡ್ ನಿರ್ದೇಶಕಿ ಒಬ್ಬಳ ಹೆಸರಿನ ಕೆಳಗೆ ನೀನೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಗೆರೆ ಎಳೆದು ಮರೆತಿದ್ದೀಯ. ಅವಳ 'ದಿ ಹಿಚ್-ಹೈಕರ್' ಸಿನಿಮಾಕ್ಕೆ ಈಗ ಹಕ್ಕುಸ್ವಾಮ್ಯ ಇಲ್ಲವಂತೆ, ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತೆ. ಅಂಗಡಿ ಬಾಗಿಲು ಹಾಕಿ, ಮೊಬೈಲನ್ನು ಮಷಿನ್ನಿಗೆ ಆನಿಸಿ ನೋಡಿದೆ. 71 ನಿಮಿಷ. ಮಧ್ಯೆ ಎದ್ದು ಹಿತ್ತಿಲ ಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ಅಂತ ನೋಡಿ ಬಂದೆ.

ಇಬ್ಬರು ಸ್ನೇಹಿತರು ಮೀನು ಹಿಡಿಯೋಕೆ ಅಂತ ಕಾರಿನಲ್ಲಿ ಹೊರಡುತ್ತಾರೆ. ದಾರಿಯಲ್ಲಿ ನಿಂತವನೊಬ್ಬನನ್ನು ಹತ್ತಿಸಿಕೊಳ್ಳುತ್ತಾರೆ. ಅವನು ಕೊಲೆಗಾರ. ಕಥೆ ಅಷ್ಟೇ. ಆದರೆ ಅವನ ಒಂದು ಕಣ್ಣಿನ ರೆಪ್ಪೆ ಮುಚ್ಚೋದಿಲ್ಲ. ರಾತ್ರಿ ಮರುಭೂಮಿಯಲ್ಲಿ ಮೂವರೂ ಮಲಗಿದಾಗ ಅವನಿಗೆ ನಿದ್ದೆ ಬಂದಿದೆಯೋ, ಎಚ್ಚರವಾಗಿದ್ದಾನೋ ಆ ಇಬ್ಬರಿಗೆ ತಿಳಿಯೋದೇ ಇಲ್ಲ. ಓಡಿಹೋಗೋಣವೆಂದರೆ ಆ ಕಣ್ಣು ನೋಡುತ್ತಲೇ ಇರುತ್ತೆ. ರಕ್ತವಿಲ್ಲ, ಕಿರುಚಾಟವಿಲ್ಲ, ದೆವ್ವವಿಲ್ಲ. ಒಂದು ಕಣ್ಣು, ಅಷ್ಟರಲ್ಲೇ ನನ್ನ ಜೀವ ಬಾಯಿಗೆ ಬಂತು. ಅವರು ಗಡಿ ದಾಟಿ ಮೆಕ್ಸಿಕೋಕ್ಕೆ ಹೋದ ಮೇಲೆ ಅಲ್ಲಿಯವರು ಸ್ಪ್ಯಾನಿಷ್ ಮಾತಾಡುತ್ತಾರೆ, ಕೆಳಗೆ ಇಂಗ್ಲಿಷ್ ಅಕ್ಷರ ಹಾಕಿಲ್ಲ. ಮೊದಲು ಯೂಟ್ಯೂಬಿನದೇ ಏನೋ ತಪ್ಪು ಅಂದುಕೊಂಡೆ. ಆಮೇಲೆ ಹೊಳೆಯಿತು: ಆ ಕೊಲೆಗಾರನಿಗೂ ಸ್ಪ್ಯಾನಿಷ್ ಬರೋದಿಲ್ಲ. ಅವನಿಗೆ ಎಷ್ಟು ಕಂಗಾಲೋ ನನಗೂ ಅಷ್ಟೇ.

ಅದು ನಿಜವಾಗಿ ನಡೆದದ್ದರ ಮೇಲೆ ಮಾಡಿದ್ದು. ಬಿಲ್ಲಿ ಕುಕ್ ಅನ್ನುವವನು 1950ರ ಕೊನೆ, 1951ರ ಶುರುವಿನಲ್ಲಿ ಹೀಗೆ ಕಾರು ಹತ್ತಿ ಹತ್ತಿ ಆರು ಜನರನ್ನು ಕೊಂದ. ಅವರಲ್ಲಿ ಐದು ಮಂದಿ ಒಂದೇ ಮನೆಯವರು. ಕಣ್ಣು ಮುಚ್ಚದಿದ್ದದ್ದೂ ಅವನಿಗೇ. 1952ರಲ್ಲಿ ಅವನಿಗೆ ಮರಣದಂಡನೆಯಾಯಿತು, ಮರುವರ್ಷವೇ ಸಿನಿಮಾ ಬಂತು. ಇಂಥ ಪಾಪಿಯ ಕಥೆ ಮಾಡಬಾರದು ಅಂತ ಸೆನ್ಸಾರಿನವರ ತಕರಾರು ಇತ್ತು, ಹೆಸರು ಬದಲಾಯಿಸಿ ಮಾಡಿದಳು. ತೆರೆಯ ಮೇಲೆ ಮೂವರು ಗಂಡಸರು, ಹೆಣ್ಣು ಪಾತ್ರವೇ ಇಲ್ಲವೆನ್ನಬೇಕು. ನಿರ್ದೇಶಿಸಿದವಳು ಮಾತ್ರ ಸ್ವಲ್ಪ ಮುಂಚೆಯಷ್ಟೇ ಹೆತ್ತ ಬಾಣಂತಿ. ಇದನ್ನು ಓದಿ ನಾನು ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೀನು ಹುಟ್ಟಿದ ವರ್ಷ ನನಗೆ ಸೂಜಿಗೆ ದಾರ ಪೋಣಿಸುವಷ್ಟು ತ್ರಾಣವಿರಲಿಲ್ಲ ಕಣೇ.

ಹುಟ್ಟಿದ್ದು ಲಂಡನ್ನಿನಲ್ಲಿ, 1918ರಲ್ಲಿ. ಅಪ್ಪ ಹೆಸರಾಂತ ಹಾಸ್ಯನಟ, ಮನೆತನವೇ ರಂಗಭೂಮಿಯದು. ಗುಬ್ಬಿ ಕಂಪನಿಯ ಮನೆಯಲ್ಲಿ ಹುಟ್ಟಿದ ಹಾಗೆ ಅಂದುಕೋ. ಹಾಲಿವುಡ್ಡಿಗೆ ಬಂದ ಹೊಸತರಲ್ಲಿ, 1934ರಲ್ಲಿ, ಪೋಲಿಯೋ ಬಡಿಯಿತು. ಚೇತರಿಸಿಕೊಂಡಳು. ಆದರೆ ಮೈ ಒಂದನ್ನೇ ನಂಬಿ ಬದುಕಬಾರದು ಅನ್ನೋದು ಆಗ ತಲೆಗೆ ಹತ್ತಿತಂತೆ. ಆಮೇಲೆ ವಾರ್ನರ್ ಬ್ರದರ್ಸ್ ಕಂಪನಿಯಲ್ಲಿ ನಟಿ. 1941ರ 'ಹೈ ಸಿಯೆರ್ರಾ'ದಲ್ಲಿ ನಾಯಕನಟ ಹಂಫ್ರಿ ಬೋಗಾರ್ಟ್‌ಗಿಂತ ಮೇಲೆ ಅವಳ ಹೆಸರು. ಕೊಟ್ಟ ಪಾತ್ರ ಹಿಡಿಸದಿದ್ದರೆ ಒಲ್ಲೆ ಅನ್ನುತ್ತಿದ್ದಳು. ಆಗಿನ ಕರಾರಿನ ಪ್ರಕಾರ ಒಲ್ಲೆ ಅಂದವರಿಗೆ ಸಂಬಳವಿಲ್ಲದ ಅಮಾನತು. ಬೇರೆಯವರಾದರೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂರುತ್ತಿದ್ದರು. ಇವಳು ಆ ಖಾಲಿ ದಿನಗಳಲ್ಲಿ ಬೇರೆಯವರ ಸೆಟ್ಟಿಗೆ ಹೋಗಿ ಲೈಟು ಎಲ್ಲಿಡುತ್ತಾರೆ, ರೀಲು ಎಲ್ಲಿ ಕತ್ತರಿಸುತ್ತಾರೆ ನೋಡುತ್ತಾ ನಿಂತಳು. ನಾನೂ ಕಟಿಂಗ್ ಕಲಿತದ್ದು ಹಾಗೆಯೇ, ಪೇಟೆಯ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತು. ಕಾಜಾ ಹಾಕಲು ಕೊಡುತ್ತಿದ್ದರು, ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲ.

ಗಂಡ ಕಾಲಿಯರ್ ಯಂಗ್ ಜೊತೆ ಸೇರಿ ಒಂದು ಸಣ್ಣ ಕಂಪನಿ ಕಟ್ಟಿದಳು. ಮೊದಲ ಚಿತ್ರ 'ನಾಟ್ ವಾಂಟೆಡ್', 1949. ಮದುವೆಯಾಗದೆ ಬಸುರಾದ ಹುಡುಗಿಯ ಕಥೆ. ನಿರ್ದೇಶಕನಿಗೆ ಹೃದಯಾಘಾತವಾಗಿ ಅವನು ಹಾಸಿಗೆ ಹಿಡಿದ. ಇವಳು ಕೈಗೆತ್ತಿಕೊಂಡು ಮುಗಿಸಿದಳು, ಹೆಸರು ಅವನದ್ದನ್ನೇ ಬಿಟ್ಟಳು. ನಿನ್ನ ಹೆಸರಿನ ಮೇಲೆ ಜಾಹೀರಾತು ಬರುತ್ತೆ ಅಂದೆಯಲ್ಲ. ಇವಳದ್ದು ಬರಲೇ ಇಲ್ಲ.

ಮುಂದಿನದು ಪೋಲಿಯೋ ಬಂದ ನೃತ್ಯಗಾತಿಯ ಕಥೆ, ನಿಜವಾದ ಚಿಕಿತ್ಸಾ ಕೇಂದ್ರದಲ್ಲಿ, ನಿಜವಾದ ರೋಗಿಗಳ ನಡುವೆ ತೆಗೆದದ್ದು. ಅದಾದ ಮೇಲೆ 1950ರಲ್ಲಿ 'ಔಟ್‌ರೇಜ್'. ಅತ್ಯಾಚಾರಕ್ಕೊಳಗಾದ ಹುಡುಗಿಯ ಕಥೆ, ಆದರೆ ಆ ಪದವನ್ನೇ ಸಿನಿಮಾದಲ್ಲಿ ಆಡುವಂತಿಲ್ಲ, ಅಂಥ ಕಾಲ. ಪದ ಆಡದೆ ಹೇಗೆ ಹೇಳಿದಳು? ಹುಡುಗಿ ಮತ್ತೆ ಆಫೀಸಿಗೆ ಹೋಗುತ್ತಾಳೆ, ಪಕ್ಕದವನು ಕಾಗದಕ್ಕೆ ಸೀಲು ಒತ್ತುತ್ತಾ ಇರುತ್ತಾನೆ. ಟಕ್, ಟಕ್, ಟಕ್. ಆ ಸದ್ದೇ ಅವಳಿಗೆ ತಡೆಯಲಾಗದೆ ಹೋಗುತ್ತೆ. ಗಮನಿಸಿದೆಯಾ? ಇಲ್ಲಿ ಸೀಲು, ಅಲ್ಲಿ ಕಣ್ಣು. ಹೆದರಿದವರಿಗೆ ಲೋಕ ಹೇಗೆ ಕೇಳಿಸುತ್ತೆ, ಹೇಗೆ ಕಾಣಿಸುತ್ತೆ ಅನ್ನೋದು ಅವಳಿಗೆ ಗೊತ್ತಿತ್ತು. ಅದು ಅವಳ ಹೊಲಿಗೆ. ಬಟ್ಟೆ ಯಾವುದೇ ಇರಲಿ, ಒಳಮೈ ತಿರುಗಿಸಿದರೆ ಆ ಹೊಲಿಗೆ ಸಿಗುತ್ತೆ.

ಕಂಪನಿ ಬಾಳಲಿಲ್ಲ. 1953ರ 'ದಿ ಬಿಗಮಿಸ್ಟ್' ಚಿತ್ರವನ್ನು ತಾವೇ ಹಂಚಿಕೆ ಮಾಡಲು ಹೋಗಿ ಕೈ ಸುಟ್ಟುಕೊಂಡರು. ಆ ಚಿತ್ರದ ಇನ್ನೊಂದು ತಮಾಷೆ ಕೇಳು. ಇಬ್ಬರು ಹೆಂಡಿರ ಗಂಡನ ಕಥೆ. ಅಷ್ಟರಲ್ಲಿ ಐಡಾಗೂ ಯಂಗ್‌ಗೂ ವಿಚ್ಛೇದನವಾಗಿ ಅವನು ಜೋನ್ ಫಾಂಟೇನ್ ಎಂಬ ನಟಿಯನ್ನು ಮದುವೆಯಾಗಿದ್ದ. ಕಥೆಯ ಒಬ್ಬ ಹೆಂಡತಿ ಆ ಹೊಸ ಹೆಂಡತಿ, ಇನ್ನೊಬ್ಬಳು ಹಳೇ ಹೆಂಡತಿ, ಅಂದರೆ ಐಡಾ. ಚಿತ್ರಕಥೆ ಮಾಜಿ ಗಂಡನದು, ನಿರ್ದೇಶನ ಐಡಾಳದು! ನಮ್ಮ ಕೇರಿಯಲ್ಲಾಗಿದ್ದರೆ ಆರು ತಿಂಗಳಿಗೆ ಸಾಲುವಷ್ಟು ಮಾತಾಗುತ್ತಿತ್ತು.

ಆಮೇಲೆ ಅವಳು ಟಿವಿಗೆ ಬಂದಳು. ನಿನ್ನ ಪ್ರಕಾರ ಇದು ಇಳಿದುಹೋದ ಹಾಗೆ. ಪುಸ್ತಕ ಬರೆದವರೂ ಇಲ್ಲಿಂದ ಮುಂದೆ ಗಡಿಬಿಡಿಯಲ್ಲಿ ಓಡುತ್ತಾರೆ. ನನಗೋ ಇಲ್ಲೇ ರುಚಿ ಹತ್ತಿದ್ದು. ಕೌಬಾಯ್ ಕಥೆ, ಪೊಲೀಸ್ ಕಥೆ, ಹಿಚ್‌ಕಾಕ್ ಹೆಸರಿನ ಧಾರಾವಾಹಿ, ಬೋರಿಸ್ ಕಾರ್ಲಾಫ್ ನಡೆಸಿಕೊಡುತ್ತಿದ್ದ 'ಥ್ರಿಲ್ಲರ್', 'ದಿ ಫ್ಯುಜಿಟಿವ್', ಮಾಟಗಾತಿ ಸೊಸೆಯ 'ಬಿವಿಚ್ಡ್', ದ್ವೀಪದಲ್ಲಿ ಸಿಕ್ಕಿಕೊಂಡವರ ನಗೆಕಥೆ. ಯಾವುದೂ ಅವಳದಲ್ಲ. ಅರ್ಧ ಗಂಟೆಯ ಕಂತೆಂದರೆ ಮೂರು ದಿನ, ಅಷ್ಟರಲ್ಲಿ ಮುಗಿಸಬೇಕು. ಶನಿವಾರ, ಭಾನುವಾರ ಸ್ಟುಡಿಯೋ ಖಾಲಿ ಇದ್ದಾಗ ಒಬ್ಬಳೇ ಹೋಗಿ, ಕ್ಯಾಮೆರಾ ಎಲ್ಲೆಲ್ಲಿ ಅಂತ ಗುರುತು ಮಾಡಿಕೊಂಡು ಬರುತ್ತಿದ್ದಳಂತೆ. ನಾನು ಮದುವೆ ಸೀಸನ್ನಿನಲ್ಲಿ ರಾತ್ರಿಯೇ ಎಲ್ಲಾ ಬಟ್ಟೆ ಕತ್ತರಿಸಿಟ್ಟುಕೊಳ್ಳೋದಿಲ್ಲವಾ, ಹಾಗೆ.

ಆ ಟಿವಿ ಕೆಲಸದಲ್ಲಿ ಒಂದನ್ನು ನೀನು ನೋಡಲೇಬೇಕು. 'ದಿ ಟ್ವೈಲೈಟ್ ಝೋನ್'ನ 156 ಕಂತುಗಳಲ್ಲಿ ಹೆಂಗಸು ನಿರ್ದೇಶಿಸಿದ್ದು ಒಂದೇ ಒಂದು, 1964ರ 'ದಿ ಮಾಸ್ಕ್ಸ್'. ಸಾಯುತ್ತಿರುವ ಸಾಹುಕಾರನೊಬ್ಬ ತನ್ನ ಆಸ್ತಿಗೆ ಕಾಯುತ್ತಿರುವ ಮಗಳು, ಅಳಿಯ, ಮೊಮ್ಮಕ್ಕಳಿಗೆ ಒಂದೊಂದು ವಿಕಾರ ಮುಖವಾಡ ಕೊಟ್ಟು, ಮಧ್ಯರಾತ್ರಿಯವರೆಗೆ ಕಳಚದಿದ್ದರೆ ಮಾತ್ರ ಆಸ್ತಿ ಅನ್ನುತ್ತಾನೆ. ಕಳಚಿದಾಗ ಏನಾಗಿರುತ್ತೆ ಅಂತ ಹೇಳೋದಿಲ್ಲ, ನೋಡು. ಅವಳ ಕಷ್ಟ ಯೋಚಿಸು: ಕಂತಿನ ಬಹುಪಾಲು ನಟರ ಮುಖವೇ ಕಾಣೋದಿಲ್ಲ. ಉಳಿದದ್ದು ದನಿ, ಕೈ, ಕತ್ತು ತಿರುಗಿಸುವ ರೀತಿ, ಕುರ್ಚಿಯಲ್ಲಿ ಕೂತ ಭಂಗಿ. ಅಷ್ಟರಲ್ಲೇ ಯಾರಿಗೆ ದುರಾಸೆ, ಯಾರಿಗೆ ಜಂಬ ಅಂತ ಗೊತ್ತಾಗುತ್ತೆ. ಕಥೆ ಬರೆದದ್ದು ರಾಡ್ ಸರ್ಲಿಂಗ್. ಹಾಗಂತ ಅವಳು ಅಲ್ಲಿ ಟ್ರಾಫಿಕ್ ಪೊಲೀಸಾಗಿದ್ದಳಾ?

ಈಗ ನನಗೆ ಹಿಡಿಸದ ವಿಷಯ. ಅವಳ ನಿರ್ದೇಶಕರ ಕುರ್ಚಿಯ ಹಿಂದೆ 'ನಮ್ಮೆಲ್ಲರ ಅಮ್ಮ' ಅಂತ ಬರೆಸಿದ್ದರಂತೆ. ಸೆಟ್ಟಿನಲ್ಲಿ ಅವಳು ಅಪ್ಪಣೆ ಕೊಡುತ್ತಿರಲಿಲ್ಲ. ಕಂದಮ್ಮಗಳಿರಾ, ಅಮ್ಮನಿಗೊಂದು ಸಮಸ್ಯೆ ಬಂದಿದೆ, ಹೀಗೆ ಮಾಡಲಾದೀತಾ ಅಂತ ಕೇಳುತ್ತಿದ್ದಳು. ನಿರ್ದೇಶಕರ ಸಂಘದ ಸಭೆ "ಮಹನೀಯರೇ ಮತ್ತು ಮಿಸ್ ಲುಪಿನೋ" ಅಂತ ಶುರುವಾಗುತ್ತಿದ್ದ ಕಾಲ, ಅವಳಿಗೆ ಬೇರೆ ದಾರಿ ಇರಲಿಲ್ಲವೇನೋ. ಆದರೂ ಓದುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ನಿನ್ನ ಕ್ಯಾಮೆರಾದವರು ನಿನ್ನನ್ನು "ಪಾಪು" ಅಂತ ಕರೀತಾರೆ ಅಂದೆ, ಅದಕ್ಕೆ ನೀನು ನಗುತ್ತೀಯ ಅಂತಲೂ ಅಂದೆ. ನಗಬೇಡ ಅಂತ ನಾನು ಹೇಳಲಾರೆ, ಅಲ್ಲಿ ನಿಲ್ಲುವವಳು ನೀನು. ಈ ಅಂಗಡಿ ಶುರುಮಾಡಿದಾಗ ಗಂಡಸರ ಶರ್ಟು ಹೊಲಿಯುತ್ತೀಯಾ ಅಂತ ಕೇಳಿದವರಿಗೆಲ್ಲಾ ನಾನೂ ನಕ್ಕೇ ಉತ್ತರ ಕೊಟ್ಟೆ. ಮೂರು ವರ್ಷ ನಕ್ಕೆ. ಆ ನಗು ಸುಸ್ತಿನ ಕೆಲಸ, ಅಷ್ಟು ಮಾತ್ರ ಗೊತ್ತು.

ಅವಳ ಕೊನೆಯ ಸಿನಿಮಾ 1966ರದು, ಕಾನ್ವೆಂಟ್ ಹುಡುಗಿಯರ ಹಾಸ್ಯಚಿತ್ರ. ನಡುವೆ ಹದಿಮೂರು ವರ್ಷ ಯಾರೂ ಅವಳಿಗೆ ಸಿನಿಮಾ ಕೊಟ್ಟಿರಲಿಲ್ಲ. ತೀರಿಕೊಂಡದ್ದು 1995ರಲ್ಲಿ. ಅದಾಗಿ ಮೂರು ವರ್ಷಕ್ಕೆ 'ದಿ ಹಿಚ್-ಹೈಕರ್' ಅನ್ನು ಅಮೆರಿಕ ಸರ್ಕಾರ ಕಾಪಾಡಿಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು. ಇಂಥ ಗೌರವ ಯಾಕೆ ಯಾವಾಗಲೂ ತಡವಾಗಿ ಬರುತ್ತೋ.

ಪರದೇಶದವರೇ ಯಾಕೆ ಅನ್ನಬೇಡ. ನಮ್ಮ ಶಂಕರ್ ನಾಗ್ 'ಮಿಂಚಿನ ಓಟ'ದಂಥ ಕಳ್ಳರ ಕಥೆಯನ್ನೂ ಮಾಡಿದ, ಇಲ್ಲೇ ಆಗುಂಬೆಗೆ ಬಂದು ಟಿವಿಗೆ 'ಮಾಲ್ಗುಡಿ ಡೇಸ್' ಕೂಡ ತೆಗೆದ. ಟಿವಿ ಅಂತ ಅವನು ಕೈ ಸಡಿಲ ಬಿಟ್ಟದ್ದು ನನಗಂತೂ ಎಲ್ಲೂ ಕಾಣಲಿಲ್ಲ. ಅದಿರಲಿ, ಅವನ ಮಾತು ತೆಗೆದರೆ ಈ ಪತ್ರ ಮುಗಿಯೋದಿಲ್ಲ.

ಗುರುವಾರದ ನಿನ್ನ ಕಂತು ನೋಡಿದೆ. ಕಥೆ ಸುಮಾರು, ಬೈಕೋಬೇಡ. ಆ ಇನ್ಸ್‌ಪೆಕ್ಟರ್ ಯಾಕೆ ಅಷ್ಟು ಕೂಗುತ್ತಾನೆ? ಆದರೆ ಮಗ ಕಾಣೆಯಾದ ಮುದುಕಿ ಪೊಲೀಸರ ಜೊತೆ ಮಾತಾಡುವಾಗ ಕ್ಯಾಮೆರಾ ಅವಳ ಮುಖ ಬಿಟ್ಟು ಕೈಗೆ ಬರುತ್ತೆ. ಅವಳು ಸೆರಗಿನ ಅಂಚಿನಿಂದ ಒಂದು ದಾರ ಎಳೆಯುತ್ತಾ ಇರುತ್ತಾಳೆ, ಎಳೆಯುತ್ತಾಳೆ, ಎಳೆಯುತ್ತಾಳೆ, ನೆರಿಗೆ ಕೂಡುತ್ತಾ ಹೋಗುತ್ತೆ. ಸ್ಕ್ರಿಪ್ಟಿನಲ್ಲಿ ಅದು ಇತ್ತಾ? ಇರಲಿಲ್ಲ ಅಂತ ನನ್ನ ಅನುಮಾನ. ನಿನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹೊರಗಿನ ಬೆಂಚಿನ ಮೇಲೆ ನಾನು ಹಾಗೆ ಕೂತಿದ್ದೆ. ನೀನು ಆಗ ಆರನೇ ಕ್ಲಾಸು, ನಿದ್ದೆ ಹೋಗಿದ್ದೀಯ ಅಂದುಕೊಂಡಿದ್ದೆ.

ಮಿಡಿ ಉಪ್ಪಿನಕಾಯಿ ಬಸ್ಸಿನಲ್ಲಿ ಕಳಿಸಿದ್ದೇನೆ, ಮಂಗಳವಾರ ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ಬರುತ್ತೆ. ಡಬ್ಬಿಯ ಮುಚ್ಚಳ ಸರಿಯಿಲ್ಲ, ಅಡ್ಡ ಹಿಡೀಬೇಡ.

ಅಮ್ಮ