ಒಂದೇ ಪೀಕ್ ಬಂದಾಗ

ಚಿ. ವಸುಧಾಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಪತ್ರದ ಒಂದೇ ಸಾಲು ನನ್ನನ್ನು ಕೊರೆಯುತ್ತಿದೆ: ‘ಹೆಂಗಸಿನ ಎಫ್‌ಎಂಆರ್1 ಸ್ಯಾಂಪಲ್‌ನಲ್ಲಿ 30ರ ಬಳಿ ಒಂದೇ ಪೀಕ್ ಬಂದಿದೆ, ನಾರ್ಮಲ್ ಎಂದು ಬರೆದುಬಿಡಲೇ?’ ಈಗಲೇ ಬರೆಯಬೇಡ ಪುಟ್ಟೀ.

ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಬೌದ್ಧಿಕ ನ್ಯೂನತೆಯ ಜೀನು ಈ ಎಫ್‌ಎಂಆರ್1; ಅದರಲ್ಲಿ ಸಿಜಿಜಿ ಎಂಬ ಮೂರಕ್ಷರ ಎಷ್ಟು ಸಲ ಮರುಕಳಿಸಿದೆ ಎಂಬುದನ್ನು ಪೀಕ್ ತೋರಿಸುತ್ತದೆ. ಎರಡೂ ಎಕ್ಸ್ ಕ್ರೋಮೋಸೋಮುಗಳಲ್ಲಿ 30 ಸಿಜಿಜಿ ಇರುವ ಹೆಂಗಸರು ಬೇಕಾದಷ್ಟಿದ್ದಾರೆ, ನಿಜ. ಆದರೆ ಜೀನಿನ ಇನ್ನೊಂದು ಪ್ರತಿ 200 ದಾಟಿ, ಡಿಎನ್ಎ ನಕಲು ಬೆಳೆಸುವ ಪಿಸಿಆರ್‌ನಲ್ಲಿ ಬೆಳೆಯದೇ ಹೋದರೂ ಬರುವುದು ಇದೇ ಚಿತ್ರ. ಸಿ-ಜಿ ತುಂಬಿದ ಎಳೆ ಬಿಗಿಯಾಗಿ ಮಡಚಿಕೊಂಡು ನಕಲು ಮಾಡುವ ಪಾಲಿಮರೇಸ್ ಕಿಣ್ವವನ್ನು ತಡೆಯುತ್ತದೆ. ಗಿಡ್ಡ ಪ್ರತಿ ಮುನ್ನುಗ್ಗಿಬಿಡುತ್ತದೆ. ಆ ಮಡಿಕೆ ಸಡಿಲಿಸುವ ಬೀಟೈನ್, 7-ಡಿಯಾಜಾ-ಡಿಜಿಟಿಪಿ ಹಾಕಿದರೆ ಕೊಂಚ ಸುಧಾರಿಸೀತು, ನಂಬಿ ಕೂರುವಷ್ಟಲ್ಲ. ಗಂಡಸಾಗಿದ್ದರೆ ಪೀಕ್ ಬಾರದಿರುವುದೇ ಎಚ್ಚರಿಸುತ್ತಿತ್ತು. ಹೆಂಗಸಿನಲ್ಲಿ ಆರೋಗ್ಯದ ಪ್ರತಿ ಇನ್ನೊಂದನ್ನು ಮರೆಮಾಡುತ್ತದೆ. ಆ ಉದ್ದದ ಪ್ರತಿ ಅಲ್ಲಿದ್ದರೆ ಅವಳ ಪ್ರತಿಯೊಬ್ಬ ಮಗನಿಗೂ ಫ್ರಜೈಲ್ ಎಕ್ಸ್ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅದನ್ನು ನೆನೆದೇ ನನಗೆ ದಿಗಿಲು.

ನಮ್ಮ ಕಾಲದಲ್ಲಿ ಇದಕ್ಕೆ, ಡಿಎನ್ಎ ತುಂಡುಗಳನ್ನು ಗಾತ್ರದಂತೆ ಬಿಡಿಸಿ ನೋಡುವ ಸದರ್ನ್ ಬ್ಲಾಟ್ ಒಂದೇ ದಾರಿ. 5–10 ಮೈಕ್ರೋಗ್ರಾಂ ಡಿಎನ್ಎ, ಇಕೋಆರ್‌ಐ ಮತ್ತು ಈಗ್‌ಐ ಎಂಬ ಕತ್ತರಿ ಕಿಣ್ವಗಳೆರಡರಿಂದಲೂ ಕತ್ತರಿಸಬೇಕು. ನಾರ್ಮಲ್ ಹೆಂಗಸಿನಲ್ಲಿ 2.8 ಮತ್ತು 5.2 ಕಿಲೋಬೇಸ್ ಪಟ್ಟಿಗಳು, ಫುಲ್ ಮ್ಯುಟೇಷನ್, ಅಂದರೆ 200 ದಾಟಿದ ಪ್ರತಿ ಇದ್ದರೆ 5.2ರ ಮೇಲೆ ಹರಡಿದ ಮಸುಕು. ಉತ್ತರ ಬರುವ ಹೊತ್ತಿಗೆ ದಿನಗಳೇ ಉರುಳುತ್ತಿದ್ದವು. ಅಷ್ಟೂ ದಿನ ಬಸುರಿಯರು ಕಾಯಬೇಕಾಗಿತ್ತಲ್ಲ ಎಂಬ ಕೊರಗು ನನಗೆ ಇಂದಿಗೂ ಹೋಗಿಲ್ಲ.

ನಿಮಗೆ ಟ್ರಿಪ್ಲೆಟ್ ಪ್ರೈಮ್ಡ್ ಪಿಸಿಆರ್ ಇದೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಬೇಸರಿಸಬೇಡ. ಅದರ ಒಂದು ಪ್ರೈಮರ್, ಅಂದರೆ ನಕಲು ಶುರುಮಾಡುವ ತುಣುಕು, ಸಿಜಿಜಿ ಸಾಲಿನ ಒಳಗೇ ಎಲ್ಲೆಂದರಲ್ಲಿ ಕೂರುತ್ತದೆ. ಹಾಗಾಗಿ ಉದ್ದದ ಪ್ರತಿ ಇದ್ದರೆ ಮೂರು ಬೇಸ್ ಅಂತರದ ಪೀಕುಗಳ ಸಾಲು 30 ದಾಟಿ, ಸಣ್ಣದಾಗುತ್ತ ಬಾಲದಂತೆ ಬಲಕ್ಕೆ ಸಾಗುತ್ತದೆ. ಇಲ್ಲದಿದ್ದರೆ 30ರಲ್ಲೇ ನಿಲ್ಲುತ್ತದೆ. ವೈ ಅಕ್ಷವನ್ನು ಹಿಗ್ಗಿಸಿ ಬುಡವನ್ನು ನೋಡು. ಸಿಜಿಜಿಗಳ ನಡುವೆ ಎಜಿಜಿ ಇರುವಲ್ಲಿ ಸಾಲು ತಗ್ಗುತ್ತದೆ, ಆ ತಗ್ಗನ್ನು ಸಾಲಿನ ಕೊನೆ ಎಂದುಕೊಂಡೀಯೆ.

ಅದೇ ರನ್‌ನಲ್ಲಿ ಫುಲ್ ಮ್ಯುಟೇಷನ್ ಇರುವ ಹೆಂಗಸಿನ ಕಂಟ್ರೋಲ್ ಇರಲೇಬೇಕು. ಅದರಲ್ಲಿ ಬಾಲ ಕಾಣದಿದ್ದರೆ ನಿನ್ನ ಸ್ಯಾಂಪಲ್‌ನ ಒಂಟಿ ಪೀಕಿಗೆ ಯಾವ ಅರ್ಥವೂ ಇಲ್ಲ.

ಬಾಲ ಕಂಡರೆ ಸದರ್ನ್‌ಗೆ ಹೋಗು. 200ರ ಮೇಲಿನ ಅಳತೆ, ಜೀನನ್ನು ಮುಚ್ಚುವ ರಾಸಾಯನಿಕ ಗುರುತಾದ ಮಿಥೈಲೇಷನ್ ಎರಡೂ ಈ ಪಿಸಿಆರ್‌ನಲ್ಲಿ ಸಿಗವು. ಉದ್ದದ ಎಳೆಯನ್ನು ಒಂದೇ ಸಲ ಓದುವ ಲಾಂಗ್ ರೀಡ್ ಸೀಕ್ವೆನ್ಸಿಂಗ್ ಸೌಕರ್ಯವಿದ್ದರೆ ಎರಡನ್ನೂ ಒಟ್ಟಿಗೆ ನೋಡಬಹುದು. ಶಾರ್ಟ್ ರೀಡ್ ಮಾತ್ರ ಬೇಡ: 200 ಸಿಜಿಜಿ ಎಂದರೆ 600 ಬೇಸ್, 150 ಬೇಸಿನ ರೀಡ್ ಅದನ್ನು ದಾಟದು.

ಡಿಎನ್ಎ ಸಾಲದಿದ್ದರೆ ಸಂಕೋಚಪಡದೆ ಮತ್ತೆ ರಕ್ತ ತರಿಸು. ಇಡಿಟಿಎ ಟ್ಯೂಬಿನಲ್ಲೇ ತರಿಸು, ಹೆಪಾರಿನ್ ಪಿಸಿಆರ್‌ಗೆ ಅಡ್ಡಿ. ಫಲಿತಾಂಶ ಬಂದ ದಿನವೇ ನನಗೂ ಬರಿ.

ನಿನ್ನ ದೊಡ್ಡಪ್ಪ