ಮೂಟೆನೋ, ಕಿಲೋನೋ?

ಸೋಮವಾರಪೇಟೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಮೂರು ಊರಿನ ಗ್ರಾಹಕರ ಡೇಟಾವನ್ನು ಶುಕ್ರವಾರದೊಳಗೆ ಒಂದೇ ಟೇಬಲ್ ಮಾಡಬೇಕು ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಕೆಲಸ ಮಾಡಿ ನಾನು ಒಮ್ಮೆ ಕೈಸುಟ್ಟುಕೊಂಡಿದ್ದೇನೆ.

ನಾನು ಲೆಕ್ಕ ಬರೆಯುತ್ತಿದ್ದ ಕಡೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಎರಡು ಗೋದಾಮಿನ ಕಾಫಿ ಲೆಕ್ಕ, ಎರಡು ಫೈಲು. ಒಂದರ ಕೆಳಗೆ ಇನ್ನೊಂದನ್ನು ಅಂಟಿಸಿ ಸೇವ್ ಮಾಡಿದೆ. ಜಾಗ ಉಳಿಯಲಿ ಅಂತ ಹಳೆಯ ಫೈಲುಗಳನ್ನು ಅಳಿಸಿಯೂ ಬಿಟ್ಟೆ! ಆಮೇಲೆ ನೋಡಿದರೆ ಒಂದು ಗೋದಾಮಿನವರು ತೂಕವನ್ನು ಕಿಲೋದಲ್ಲಿ ಬರೆದಿದ್ದರು, ಇನ್ನೊಂದರವರು ಮೂಟೆಯಲ್ಲಿ. ಮೂಟೆಗೆ 50 ಕಿಲೋ. 40 ಅಂತ ಇದ್ದರೆ ಅದು 40 ಕಿಲೋನೋ, 2,000 ಕಿಲೋನೋ? ಸದಸ್ಯರ ನಂಬರೂ ಎರಡೂ ಕಡೆ 1ರಿಂದಲೇ ಶುರು. 112 ಅಂದರೆ ಇಬ್ಬರು. ಯಾವ ಸಾಲು ಯಾವ ಗೋದಾಮಿನದು ಅನ್ನುವುದಕ್ಕೆ ಒಂದು ಕಾಲಂ ಕೂಡ ಇಟ್ಟಿರಲಿಲ್ಲ. ಹೊರಗೆ ಜುಲೈ ಮಳೆ, ಕರೆಂಟಿಲ್ಲ, ರಸೀದಿ ಪುಸ್ತಕ ಹರಡಿಕೊಂಡು ಹದಿನೈದು ದಿನ ಕೂತೆ.

“ಕಣದಲ್ಲಿ ಅರೇಬಿಕಾ, ರೋಬಸ್ಟಾ ಬೆರೆತರೆ ಆಳುಗಳಿಗೆ ಬೈತೀರಲ್ಲ, ಈಗ ನಿಮಗೆ ಯಾರು ಬೈಬೇಕು?” ಅಂದಳು ನಿನ್ನ ದೊಡ್ಡಮ್ಮ.

ದೊಡ್ಡ ಕಡೆಯೂ ಹೀಗಾಗುತ್ತೆ ಬಿಡು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಹೋಗಿ ಕಳೆದುಹೋಯಿತು. ಒಂದು ಸಾಫ್ಟ್‌ವೇರ್ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಲೆಕ್ಕ ಅಂತ ತಗೊಂಡಿತ್ತು. ನಮ್ಮ ಮೂಟೆ–ಕಿಲೋ ಕಥೆಯೇ, ಖರ್ಚು ಮಾತ್ರ ಜಾಸ್ತಿ.

ಅದಕ್ಕೇ ಹೇಳೋದು, ಮೂರೂ ಊರಿನದ್ದನ್ನು ಬಂದ ಹಾಗೆಯೇ ಮೂರು ಟೇಬಲ್‌ಗೆ ಇಳಿಸಿಕೋ. ಅದನ್ನು ಮುಟ್ಟಲೇಬೇಡ, ತಿದ್ದುವುದೆಲ್ಲ ಪ್ರತಿಯ ಮೇಲೆ. ಕೋಡಿನ ಬದಲಾವಣೆಗಳನ್ನು ಕಾದಿಡುವ ಗಿಟ್‌ನಲ್ಲಿ, ಮೂಲ ಕೆಡದ ಹಾಗೆ ಬೇರೆ ಬ್ರಾಂಚ್ (ಕವಲು) ಮಾಡ್ತೀರಲ್ಲ, ಡೇಟಾಗೂ ಅಷ್ಟು ಮರ್ಯಾದೆ ಕೊಡು. ತಾರೀಖು ನೋಡು, 03/04 ಅಂದರೆ ಒಬ್ಬರಿಗೆ ಏಪ್ರಿಲ್, ಇನ್ನೊಬ್ಬರಿಗೆ ಮಾರ್ಚ್. ಗ್ರಾಹಕರ ನಂಬರಿನ ಮುಂದೆ ಊರಿನ ಗುರುತು ಹಾಕು. ಮೊದಲು ಎರಡನ್ನು ಕೂಡಿಸಿ ಸಾಲು ಎಣಿಸು. ತಾಳೆಯಾದರೆ ಮಾತ್ರ ಮೂರನೆಯದು. ಈ ಹೆಜ್ಜೆಗಳನ್ನೆಲ್ಲ ಕಂಪ್ಯೂಟರೇ ಸಾಲಾಗಿ ಮಾಡುವ ಸ್ಕ್ರಿಪ್ಟ್ ಆಗಿ ಬರೆದಿಟ್ಟರೆ, ಕೆಟ್ಟರೂ ಮತ್ತೆ ಮೊದಲಿಂದ ಓಡಿಸಬಹುದು.

ಶುಕ್ರವಾರಕ್ಕೆ ಆಗದಿದ್ದರೆ ಸೋಮವಾರ ಕೊಡ್ತೀನಿ ಅಂತ ಈಗಲೇ ಹೇಳಿಬಿಡು. ಸುಮ್ನೆ ಹೆದರಬೇಡ.

ಆ 112ರ ಇಬ್ಬರಲ್ಲಿ ಒಬ್ಬರು ಸಂತೆಯಲ್ಲಿ ಸಿಕ್ಕರೆ ಈಗಲೂ ಕೇಳ್ತಾರೆ, “ಏನು ಸಾರ್, ನನ್ನ ಮೂಟೆ ಸಿಕ್ತಾ?”

ನಿನ್ನ ದೊಡ್ಡಪ್ಪ