ಮಂಜಿನ ದಿನಗಳಲ್ಲಾದರೂ ವೇಗ ಇಳಿಸಿ

ಮಾನ್ಯರೇ,

2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಗುದ್ದಿ 13 ಜನ ಸತ್ತರು. ಆಗ ಮಂಜು ಕವಿದಿತ್ತು. ಈಗಲೂ ಚಳಿಗಾಲದಲ್ಲಿ ಆ ದಾರಿ ಹಿಡಿದರೆ, ಮುಂದಿನ ಲಾರಿಯ ಕೆಂಪು ದೀಪ ಕಾಣುವುದೇ ತೀರಾ ಹತ್ತಿರ ಹೋದ ಮೇಲೆ. ಪಕ್ಕದಲ್ಲಿ ಕಾರುಗಳು ಮಾತ್ರ ಸುಂಯ್ ಅಂತ ಹೋಗುತ್ತಿರುತ್ತವೆ.

ಉತ್ತರ ಪ್ರದೇಶದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲ ಬಂತೆಂದರೆ ಕಾರುಗಳ ವೇಗದ ಮಿತಿಯನ್ನು 100ರಿಂದ 75 ಕಿ.ಮೀ.ಗೆ ಇಳಿಸುತ್ತಾರೆ. ನಮ್ಮಲ್ಲೂ ಬೆಳಿಗ್ಗೆ ಎಂಟೂವರೆ ತನಕವಾದರೂ ಹಾಗೆ ಮಾಡಬಹುದಲ್ವಾ?

ಸುಮ್ನೆ ಬೋರ್ಡ್ ಹಾಕಿದರೆ ಸಾಲದು. ಮಂಜು ಕಂಡ ಕೂಡಲೇ ಹೈ ಬೀಮ್ ಹಾಕುವವರೇ ಜಾಸ್ತಿ. ಆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ. ಲೋ ಬೀಮೇ ಸರಿ. ಇನ್ನು ಕೆಲವರು ಓಡಿಸುತ್ತಲೇ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾರೆ. ಗಾಡಿ ನಿಂತಿದೆಯೋ, ಓಡುತ್ತಿದೆಯೋ, ಹಿಂದಿನವರಿಗೆ ತಿಳಿಯುವುದು ಹೇಗೆ? ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಡ್ರೈವಿಂಗ್ ಕಲಿಯುವಾಗ ಯಾರೂ ಹೇಳಿಕೊಟ್ಟಿರಲಿಲ್ಲ. ಲೈಸೆನ್ಸ್ ಕೊಡುವ ಮುಂಚೆ ಇದನ್ನೂ ಕೇಳಲಿ, ಟೋಲ್ ಗೇಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಲಿ.

– ಒಬ್ಬ ಓದುಗ, ಚಿಕ್ಕಬಳ್ಳಾಪುರ